ಗಲ್ಲೆಯ ಮೇಲಿನ ಮೊಬೈಲು, ಬಾಣಲೆಯ ಹತ್ತಿರದ ಮೊಬೈಲು



ಕಳೆದ ವರ್ಷ ಕಲ್ಯಾಣದಲ್ಲಿ ಒಂದು ಉಪನಯನದ ಅಡುಗೆ ಒಪ್ಪಿಕೊಂಡಿದ್ದೆ. ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಿಸಿ ಆಗಿತ್ತು. ವಡೆ ಬಿಡುತ್ತಿದ್ದ ಹುಡುಗ ತೂಕಡಿಕೆಯಲ್ಲಿ ಹಿಟ್ಟನ್ನು ಮೇಲಿನಿಂದ ಹಾಕಿಬಿಟ್ಟ. ಕಾದ ಎಣ್ಣೆ ಸಿಡಿದು ಮುಂಗೈ ಬೆಂದಿತು. ವಿಚಾರಿಸಿದರೆ ರಾತ್ರಿ ಎರಡರವರೆಗೂ ಮೊಬೈಲಿನಲ್ಲಿ ರೀಲ್ಸ್ ನೋಡುತ್ತಿದ್ದನಂತೆ! ಬೈಯಲು ಬಾಯಿ ತೆರೆದೆ. ಅವನು ಮೆಲ್ಲಗೆ, "ಅಣ್ಣ, ನೀವೂ ಹನ್ನೆರಡೂವರೆಗೆ ಗ್ರೂಪಿಗೆ ವಿಡಿಯೊ ಹಾಕಿದ್ದೀರಲ್ಲ" ಅಂದ. ನನ್ನ ಬಾಯಿ ಮುಚ್ಚಿತು.

2006ರ ಸುಮಾರಿಗೆ ಡೊಂಬಿವಲಿಯ ಸೈಬರ್ ಕೆಫೆಗಳಲ್ಲಿ ಹುಡುಗರು ಆರ್ಕುಟ್ ನೋಡಲು ಸಾಲುಗಟ್ಟುತ್ತಿದ್ದುದು ನಿಮಗೆ ನೆನಪಿರಬಹುದು. ನಮ್ಮ ಕ್ಯಾಶಿಯರನೂ ಹೋಗುತ್ತಿದ್ದ. ಆದರೆ ಗಂಟೆಗೆ ಇಷ್ಟು ಎಂದು ದುಡ್ಡು ಕೊಡಬೇಕಿತ್ತು, ರಾತ್ರಿ ಅಂಗಡಿ ಮುಚ್ಚುತ್ತಿತ್ತು. ಆ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿಹೋಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ತಿಂಗಳುಗಟ್ಟಲೆ ಇಂಟರ್ನೆಟ್ ಪುಕ್ಕಟೆ ಕೊಟ್ಟಿತು. 2020ರ ಜೂನಿನಲ್ಲಿ ಸರಕಾರ ಟಿಕ್‌ಟಾಕ್ ನಿಷೇಧಿಸಿದರೆ, ಜುಲೈಯಲ್ಲೇ ಇನ್‌ಸ್ಟಾಗ್ರಾಮಿನ ರೀಲ್ಸ್ ಹಾಜರು. ಈಗ ಅಂಗಡಿ ಜೇಬಿನಲ್ಲೇ ಇದೆ, ಮುಚ್ಚುವ ಹೊತ್ತೇ ಇಲ್ಲ.

ನಮ್ಮ ಧಂದೆಯ ಮಾತಿನಲ್ಲೇ ಹೇಳುತ್ತೇನೆ. ನಾವು ಅನ್‌ಲಿಮಿಟೆಡ್ ಊಟ ಬಡಿಸಿದರೂ ಗಿರಾಕಿ ಸಾಕು ಎಂದು ಕೈ ಅಡ್ಡ ಇಡುತ್ತಾನೆ. ಮೊಬೈಲಿನಲ್ಲಿ ಕೇಳದೆಯೇ ಬಡಿಸುತ್ತಾರೆ. ಒಂದು ವಿಡಿಯೊ ಮುಗಿಯುವುದರೊಳಗೆ ಮತ್ತೊಂದು. ತಳ ಕಾಣದ ತಟ್ಟೆ! ಎಷ್ಟು ಎಳೆದರೂ ಮುಗಿಯದ ಈ ಪುಟದ ಉಪಾಯವನ್ನು 2006ರಲ್ಲಿ ಮಾಡಿದ ಏಜಾ ರಾಸ್ಕಿನ್ ಎಂಬವರೇ ಆಮೇಲೆ ಪಶ್ಚಾತ್ತಾಪಪಟ್ಟಿದ್ದಾರೆ. ಫೇಸ್‌ಬುಕ್ಕಿನ ಮೊದಲ ಅಧ್ಯಕ್ಷ ಶಾನ್ ಪಾರ್ಕರ್ 2017ರಲ್ಲಿ, ಜನರ ಸಮಯವನ್ನು ಆದಷ್ಟು ಹೆಚ್ಚು ನುಂಗುವುದು ಹೇಗೆ ಎಂದೇ ಯೋಚಿಸಿ ಅದನ್ನು ಕಟ್ಟಿದೆವು ಎಂದು ಒಪ್ಪಿಕೊಂಡರು. ಅಡುಗೆಯವನೇ ಹೀಗೆ ಹೇಳಿದ ಮೇಲೆ ಉಣ್ಣುವವನನ್ನು ಮಾತ್ರ ಬೈದು ಏನು ಫಲ?

ಇನ್ನೊಂದು ಮಾತು. ನಾನು ಹತ್ತನೇ ಕ್ಲಾಸು ಮುಗಿಸಿದ್ದು ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ. ಹಗಲಿಡೀ ಟೇಬಲ್ ಒರೆಸಿ ರಾತ್ರಿ ಬೆಂಚಿನಲ್ಲಿ ಕೂರುತ್ತಿದ್ದೆವು. ನಿದ್ದೆ ಬರುತ್ತಿತ್ತು, ಆದರೆ ಪಕ್ಕದಲ್ಲಿ ನಮ್ಮವರಿದ್ದರು. ಇಂದು ಹೋಟೇಲಿನ ಅಟ್ಟದಲ್ಲಿ ಮಲಗುವ ಹುಡುಗನಿಗೆ ಯಾರಿದ್ದಾರೆ? ಊರು ದೂರ, ಭಾಷೆ ಬೇರೆ. ಮೊಬೈಲು ಕಿತ್ತುಕೊಳ್ಳುವುದು ಸುಲಭ, ಅದರ ಬದಲಿಗೆ ನಾವು ಏನು ಕೊಡುತ್ತೇವೆ?

ಉಪನಯನದ ಆ ದಿನದ ನಂತರ ನಾನು ಮಾಡಿದ್ದು ಇಷ್ಟು. ಅಡುಗೆಮನೆಯ ಹೊರಗೆ ಒಂದು ಕಪಾಟು ಇಟ್ಟೆ, ಕೆಲಸದ ಹೊತ್ತಿನಲ್ಲಿ ಎಲ್ಲರ ಮೊಬೈಲು ಅಲ್ಲೇ. ಮನೆಯಿಂದ ತುರ್ತು ಇದ್ದರೆ ಹೋಟೇಲಿನ ಫೋನಿಗೆ ಬರಲಿ. ರಾತ್ರಿ ಮನೆಯವರೊಡನೆ ಮಾತಾಡಲು ಅರ್ಧ ಗಂಟೆ, ಮತ್ತೆ ಎಲ್ಲರ ಮೊಬೈಲು ಗಲ್ಲೆಯ ಹತ್ತಿರ ಚಾರ್ಜಿಗೆ. ಮೊದಲು ಇಡುವವನು ನಾನೇ. ಆರ್ಡರು ಮತ್ತು ಜಿ-ಪೇಗೆ ಬೇರೆಯೇ ಒಂದು ಸೆಟ್ಟು ಇದೆ, ಅದರಲ್ಲಿ ಫೇಸ್‌ಬುಕ್, ಇನ್‌ಸ್ಟಾ ಏನೂ ಇಲ್ಲ. ಒಂದು ಕೇರಂ ಬೋರ್ಡೂ ತಂದೆ.

ಒಬ್ಬ ಹುಡುಗ ಕೆಲಸ ಬಿಟ್ಟು ಹೋದ, ಸುಳ್ಳು ಹೇಳುವುದಿಲ್ಲ. ಉಳಿದವರು ಒಗ್ಗಿಕೊಂಡರು. ಈಗ ಬೆಳಿಗ್ಗೆ ಶಟರ್ ಎತ್ತಲು ನಾನು ಕೂಗಬೇಕಾಗಿಲ್ಲ. ನನಗೇ ಕಷ್ಟ! ಗಲ್ಲೆಯಲ್ಲಿ ಗಿರಾಕಿ ಇಲ್ಲದಾಗ ಕೈ ತಾನಾಗಿ ಖಾಲಿ ಜೇಬು ತಡವುತ್ತದೆ.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಸದಸ್ಯರೆಲ್ಲ ಮುಂದಿನ ಸಭೆಯಲ್ಲಿ ಗ್ಯಾಸಿನ ದರದ ಜೊತೆಗೆ ಹುಡುಗರ ನಿದ್ದೆಯ ವಿಷಯವನ್ನೂ ಚರ್ಚಿಸೋಣ. ಬೆಂದ ಕೈಗೆ ಮುಲಾಮು ಹಚ್ಚುವುದಕ್ಕಿಂತ ಅದು ಅಗ್ಗ.