ಪಟ್ಟಿಯಲ್ಲಿ ಹೆಸರಿಲ್ಲದವಳು ಎಲ್ಲಿಗೆ ಹೋಗಬೇಕು?

ನವರಾತ್ರಿ ಬಂತೆಂದರೆ ಹೇಮಗುಡ್ಡದ ದುರ್ಗಾಪರಮೇಶ್ವರಿಗೆ ಉಡಿ ತುಂಬಲು ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಬರುತ್ತಾರೆ. ಇದೇ ಸೀಮೆಯಲ್ಲಿ ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವಳು ಪಿಂಚಣಿ ಕೇಳಲು ಹೋದರೆ ಎದುರಾಗುವ ಪ್ರಶ್ನೆ ಒಂದೇ: ‘ಲಿಸ್ಟಿನಾಗ ನಿನ್ನ ಹೆಸರೈತೇನು?’

ಯಾವ ಲಿಸ್ಟು? 1993–94 ಮತ್ತು 2007–08ರ ಸಮೀಕ್ಷೆಗಳದು. ಎರಡೂ ಸೇರಿ ರಾಜ್ಯದಲ್ಲಿ 46,660 ಹೆಸರು. ಪಿಂಚಣಿಗೂ ಮನೆಗೂ ಸಾಲಕ್ಕೂ ಅದೇ ಬಾಗಿಲು. ಆ ದಿನಗಳಲ್ಲಿ ಮುಂಬೈ, ಪುಣೆ, ಸಾಂಗ್ಲಿಯ ದಂಧೆಮನೆಗಳಲ್ಲಿದ್ದವಳು ಎಣಿಸುವವರ ಕಣ್ಣಿಗೆ ಹೇಗೆ ಬಿದ್ದಾಳು? ಊರಿಂದ ಸಾಗಿಸಲ್ಪಟ್ಟವಳನ್ನು ಊರಲ್ಲಿರಲಿಲ್ಲ ಎಂದು ಬಿಡುವುದು ಯಾವ ನ್ಯಾಯ?

ಇನ್ನೊಂದು ತೊಡಕು ಕಾನೂನಿನೊಳಗೇ ಇದೆ. 1982ರ ಕಾಯ್ದೆಯಲ್ಲಿ ಮಗಳನ್ನು ದೇವರಿಗೆ ಬಿಟ್ಟ ತಂದೆತಾಯಿಗೆ ಐದು ವರ್ಷದವರೆಗೆ ಜೈಲು ಇತ್ತು. ಶಿಕ್ಷೆ ಸರಿಯೇ. ಆದರೆ ‘ಯಾವಾಗ ಮುತ್ತು ಕಟ್ಟಿದರು?’ ಎಂದು ಫಾರಂ ಹಿಡಿದು ಕೇಳಿದರೆ, ನಿಜ ಹೇಳಿದ ಮಗಳು ಅವ್ವನನ್ನು ಠಾಣೆಗೆ ಕಳಿಸಿದಂತೆ. ಆಕೆ ಬಾಯಿ ಬಿಡುವುದಿಲ್ಲ. ಸಂಖ್ಯೆ ಇಳಿಯುತ್ತದೆ. ಪದ್ಧತಿ ಸತ್ತಿತೆಂದು ಅಧಿಕಾರಿಗಳು ಬೀಗುತ್ತಾರೆ. ಹೆದರಿಕೆಯಿಂದ ಹುಟ್ಟಿದ ಅಂಕಿಯನ್ನು ಸಾಧನೆಯೆಂದು ನಾವು ಒಪ್ಪುವುದಿಲ್ಲ.

ಪಟ್ಟಿ ತೆರೆದರೆ ಸುಳ್ಳು ಅರ್ಜಿ ಬರುತ್ತವೆ ಎನ್ನುವವರಿದ್ದಾರೆ. ಬರಬಹುದು. ಅದಕ್ಕೆ ಪರಿಶೀಲನೆ ಮದ್ದೇ ಹೊರತು ಬೀಗವಲ್ಲ. ಯಾರು ಯಾವಾಗ ಹೋದರು, ಯಾರು ಕೂಸನ್ನು ಕಟ್ಟಿಕೊಂಡು ವಾಪಸ್ ಬಂದರು ಎಂಬುದು ಮಾಜಿ ದೇವದಾಸಿಯರಿಗೆ ಗೊತ್ತು. ಎಣಿಕೆಯ ಕೆಲಸವನ್ನೂ ಅದರ ಸಂಬಳವನ್ನೂ ಅವರಿಗೇ ಕೊಡಿ.

2025ರಲ್ಲಿ ವಿಧಾನಮಂಡಲ ಹೊಸ ಮಸೂದೆ ಒಪ್ಪಿತು, ಮರುಸಮೀಕ್ಷೆಯೂ ಶುರುವಾಯಿತು. ಇವೆರಡೂ ಹೋರಾಡಿದ ಹೆಂಗಸರ ಗೆಲುವು. ಆದರೆ ಸಮೀಕ್ಷೆ ಮುಗಿದ ಮರುದಿನ ಸಾಂಗ್ಲಿಯಿಂದ ಬಸ್ಸಿಳಿದವಳ ಗತಿ? ಅದಕ್ಕೇ ನಮ್ಮ ಬೇಡಿಕೆ: ಪಟ್ಟಿಗೆ ಕೊನೆಯ ದಿನಾಂಕ ಇರಬಾರದು. ಸಮೀಕ್ಷೆಯ ಮಾಹಿತಿ ಪೊಲೀಸರ ಕೈ ಸೇರಬಾರದು. ತಾಲ್ಲೂಕುವಾರು ಸಂಖ್ಯೆ, ವಯಸ್ಸು, ಮನೆ, ಜಮೀನು, ಮಕ್ಕಳ ಓದು ಎಲ್ಲವೂ ಬಹಿರಂಗವಾಗಲಿ. ಒಬ್ಬಳ ಹೆಸರೂ ಪಂಚಾಯಿತಿ ಗೋಡೆಗೆ ಅಂಟದಿರಲಿ.

ಮುತ್ತು ಕಟ್ಟುವಾಗ ಯಾರೂ ಆಕೆಯ ದಾಖಲೆ ಕೇಳಲಿಲ್ಲ. ಅನ್ನ ಕೇಳುವಾಗ ಮಾತ್ರ ಯಾಕೆ?