12 ತಿಂಗಳು ಏಟು ತಿನ್ನಿ, ಆಮೇಲೆ ವಕೀಲರನ್ನು ಕೇಳಿ!

ಇಂಗ್ಲೆಂಡ್ ಮತ್ತು ವೇಲ್ಸಿನ ಕನ್ನಡ ಬಂಧುಗಳೇ,

2013ರ ಯುಗಾದಿಗೆ ಎರಡು ದಿನ ಮುಂಚೆ, ಏಪ್ರಿಲ್ 9ರಂದು, ಆಗಿನ ಲಾರ್ಡ್ ಚಾನ್ಸಲರ್ ಕ್ರಿಸ್ ಗ್ರೇಲಿಂಗ್ (ಸ್ವತಃ ವಕೀಲರಲ್ಲ, ಅದು ಬೇರೆ ಮಾತು) ನಮಗೊಂದು ಉಡುಗೊರೆ ಕೊಟ್ಟರು. ಉಚಿತ ಕಾನೂನು ನೆರವಿನ ‘ಸುಧಾರಣೆ’ಯ ಕರಡು. ವರ್ಷಕ್ಕೆ 22 ಕೋಟಿ ಪೌಂಡ್ ಉಳಿಸುತ್ತಾರಂತೆ. ಅಭಿಪ್ರಾಯ ತಿಳಿಸಲು 2013ರ ಜೂನ್ 4 ಕಡೆಯ ದಿನ.

ಅದರೊಳಗೆ ಒಂದು ನಿಯಮವಿದೆ. ಸಿವಿಲ್ ಪ್ರಕರಣಕ್ಕೆ ನೆರವು ಬೇಕಾದವರು ಕಾನೂನುಬದ್ಧವಾಗಿ ಇಲ್ಲಿ ವಾಸವಿರಬೇಕು, ಹಿಂದೆ ಯಾವಾಗಲಾದರೂ ಸತತ 12 ತಿಂಗಳು ಹಾಗೆ ಇದ್ದಿರಲೂಬೇಕು. ಸೈನಿಕರಿಗೂ ಅವರ ಮನೆಯವರಿಗೂ ಆಶ್ರಯ ಕೋರಿ ಬಂದವರಿಗೂ ವಿನಾಯಿತಿ. ಮಿಕ್ಕವರಿಗಿಲ್ಲ. ಆ ಮಿಕ್ಕವರು ನಾವು.

ಜನವರಿಯಲ್ಲಿ ಮದುವೆಯಾಗಿ ಹಾಸನದಿಂದ ಬಂದ ಹುಡುಗಿಯೊಬ್ಬಳು ಎನ್ನಿ. ಪಾಸ್‌ಪೋರ್ಟು ಅತ್ತೆಯ ಸೂಟ್‌ಕೇಸಿನಲ್ಲಿ. ತವರಿಗೆ ಫೋನು ಮಾಡಿದರೆ ಸ್ಪೀಕರ್ ಹಾಕಿಯೇ ಮಾತಾಡಬೇಕು. ಬೆನ್ನ ತುಂಬ ಬಾಸುಂಡೆ ಹೊತ್ತು, ಗಂಡ ಹತ್ತಿರ ಸುಳಿಯದಂತೆ ಕೋರ್ಟಿನ ಆದೇಶ ಬೇಕೆಂದು ಹೋದರೆ ಸಿಗುವ ಪ್ರಶ್ನೆ: ‘ಬಂದು ಎಷ್ಟು ತಿಂಗಳಾಯ್ತಮ್ಮ?’ ಐದು. ಹಾಗಾದರೆ ಇನ್ನೂ ಏಳು ತಿಂಗಳು ತಿಂದು ಬಾ! ಅದೇ ಹೊಡೆದವನನ್ನು ಪೊಲೀಸರು ಹಿಡಿದು ಠಾಣೆಗೆ ಒಯ್ದರೆ ಅವನಿಗೆ ಪುಕ್ಕಟೆ ವಕೀಲರು ಅಲ್ಲೇ ಹಾಜರು. ಕ್ರಿಮಿನಲ್ ಪ್ರಕರಣಕ್ಕೆ ಈ 12 ತಿಂಗಳ ಕಟ್ಟಳೆಯೇ ಇಲ್ಲ.

ಆಕೆಯೊಬ್ಬಳ ಮಾತಲ್ಲ ಇದು. ಯಜಮಾನರ ಜೊತೆ ಬಂದ ಮನೆಗೆಲಸದ ಹೆಂಗಸನ್ನು 2012ರ ಏಪ್ರಿಲ್‌ನಿಂದ ವೀಸಾ ನಿಯಮವೇ ಒಬ್ಬ ಧಣಿಗೆ ಕಟ್ಟಿಹಾಕಿತ್ತು. ಅವಳಿಗೂ ಇದೇ ಪ್ರಶ್ನೆ. ಇಲ್ಲೇ ಹುಟ್ಟಿದ ಮೂರು ತಿಂಗಳ ಕೂಸಿಗೂ ಇದೇ! ಹುಟ್ಟುವ ಮೊದಲೇ ಬಂದು ನೆಲೆಸಬೇಕಿತ್ತೇನೋ.

‘ತೆರಿಗೆದಾರರ ದುಡ್ಡು, ಈ ದೇಶದ ಗಟ್ಟಿ ನಂಟಿರುವವರಿಗೆ ಮಾತ್ರ’ ಎನ್ನುತ್ತಾರೆ ಸರ್ಕಾರದವರು. ಆಹಾ! ವೀಸಾ ಶುಲ್ಕ ಎಣಿಸಿಕೊಳ್ಳುವಾಗ ಆ ನಂಟು ನೋಡಿದ್ದರೇ? ಅಂಗಡಿಯಲ್ಲಿ ವ್ಯಾಟ್ ಹಿಡಿಯುವಾಗ? ಈ ಒಂದು ನಿಯಮದಿಂದ ಎಷ್ಟು ಉಳಿಯುತ್ತದೆಂಬ ಲೆಕ್ಕವನ್ನು ಅವರೇ ಕೊಟ್ಟಿಲ್ಲ. ಯುದ್ಧದಿಂದ ಬಸವಳಿದಿದ್ದ ದೇಶ 1949ರಲ್ಲಿ ಈ ನೆರವಿಗೆ ಕಾಯಿದೆ ಮಾಡಿತ್ತು. ಆಗಿಲ್ಲದ ಬಡತನ ಈಗ ಬಂತೇ?

ವಕೀಲರು ಬೀದಿಗಿಳಿದಿದ್ದಾರೆ, ಸಂತೋಷ. ಕ್ರಿಮಿನಲ್ ನೆರವಿನ ಸುಮಾರು 1,600 ಗುತ್ತಿಗೆಗಳನ್ನು 400ಕ್ಕೆ ಇಳಿಸಿ, ಕಡಿಮೆ ದರ ಕೂಗಿದವರಿಗೆ ಕೊಡುವುದು ಅನ್ಯಾಯವೇ. ಆದರೆ ಸ್ವಾಮಿ, ನಿಮ್ಮ ಫೀಸಿನ ಮಾತು ಮುಗಿದ ಮೇಲಾದರೂ ಆ ಹುಡುಗಿಯ ಮಾತೆತ್ತಿ.

ಇನ್ನು ನಮ್ಮ ಸಂಘಗಳ ದೊಡ್ಡವರು! ಹೋಳಿಗೆ ಊಟಕ್ಕೆ ಇಮೇಲ್ ಮೇಲೆ ಇಮೇಲ್, ಈ ನಿಯಮದ ವಿರೋಧಕ್ಕೆ ಮಾತ್ರ ‘ರಾಜಕೀಯ ನಮಗೆ ಬೇಡ’. ‘ನಮ್ಮವರಲ್ಲಿ ಹೀಗೆಲ್ಲ ನಡೆಯೋಲ್ಲ’ ಎನ್ನುವ ಡಾಕ್ಟರ್ ಸಾಹೇಬರೂ ಇದ್ದಾರೆ. ನಡೆಯದಿದ್ದರೆ ಒಳ್ಳೆಯದೇ, ವಿರೋಧದ ಪತ್ರಕ್ಕೆ ಒಂದು ಸಹಿ ಹಾಕಲು ಏನು ಕಷ್ಟ? 2013ರ ಏಪ್ರಿಲ್ 1ರಿಂದ ಬಹುಪಾಲು ವಿಚ್ಛೇದನ, ವಲಸೆ ಪ್ರಕರಣಗಳಿಗೆ ನೆರವು ನಿಂತಾಗಲೂ ಇವರು ಬೇವು ಬೆಲ್ಲ ಹೊಂದಿಸುತ್ತಿದ್ದರು.

ಬಂಧುಗಳೇ, ನ್ಯಾಯ ಸಚಿವಾಲಯಕ್ಕೆ ಬರೆಯಿರಿ. ಈ ನಿಯಮ ಬೇಡ, ಮನುಷ್ಯರು ಒಪ್ಪುವಂಥದ್ದು ತನ್ನಿ ಎನ್ನಿ. ಒಂದು ಪುಟ ಸಾಕು. ಇಂಗ್ಲಿಷಿಗೆ ಅಳುಕಿದರೆ ಮಕ್ಕಳ ಕೈಲಿ ಬರೆಸಿ, ಸಹಿ ನಿಮ್ಮದಿರಲಿ. ಕಾಗದ ಕಳಿಸುವವರು ಕೊನೆಯ ಗಳಿಗೆಗೆ ಕಾಯಬೇಡಿ: 2013ರ ಮೇ 27 ಬ್ಯಾಂಕ್ ಹಾಲಿಡೇ, ಅಂದು ಅಂಚೆ ಹೋಗುವುದಿಲ್ಲ.