ಅಮ್ಮಮ್ಮನ ಕಾಲಿನೊಳಗಿನ ಒಲೆಗಳು

ಸಾಗರದ ಕಡೆಯಿಂದ ಏಳನೇ ತರಗತಿಯ ಹುಡುಗನೊಬ್ಬ ಪತ್ರ ಬರೆದಿದ್ದಾನೆ. ‘ನಮ್ಮ ಅಮ್ಮಮ್ಮ ಮಹಡಿ ಹತ್ತುವಾಗ ನಡುವೆ ಎರಡು ಸಲ ಕೂರುತ್ತಾರೆ. ಮೊದಲೆಲ್ಲ ಒಂದೇ ಉಸಿರಿಗೆ ಹತ್ತುತ್ತಿದ್ದರಂತೆ. ಡಾಕ್ಟರು ಪರೀಕ್ಷೆ ಮಾಡಿ, ಕಾಯಿಲೆ ಏನೂ ಇಲ್ಲ, ವಯಸ್ಸಾಯಿತು ಅಷ್ಟೆ ಅಂದರು. ಆದರೆ ಕಾಲೇಜಿಗೆ ಹೋಗುವ ಅಕ್ಕ, ಅಮ್ಮಮ್ಮನ ಮೈಟೊಕಾಂಡ್ರಿಯವೇ ಅಮ್ಮನಿಗೂ ನಿನಗೂ ಬಂದಿರುವುದು, ನಿನಗೂ ಹೀಗೇ ಆಗುತ್ತದೆ ಅಂತ ಹೆದರಿಸುತ್ತಾಳೆ. ಹೌದಾ?’

ಅಕ್ಕ ಹೇಳಿದ್ದರಲ್ಲಿ ಅರ್ಧ ನಿಜ. ಮೊದಲು ಆ ಅರ್ಧವನ್ನು ನೋಡೋಣ.

ಮಕ್ಕಳೇ, ನಮ್ಮ ಸ್ನಾಯುವಿನ ಒಂದೊಂದು ಎಳೆಯಲ್ಲೂ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಒಲೆಗಳು ಲೆಕ್ಕವಿಲ್ಲದಷ್ಟಿವೆ. ಅವೇ ಮೈಟೊಕಾಂಡ್ರಿಯ. ನಾವು ಉಂಡ ಅನ್ನವನ್ನು ಉಸಿರಾಡಿದ ಆಮ್ಲಜನಕದ ಜೊತೆ ಉರಿಸಿ, ಕೈಕಾಲು ಆಡಿಸಲು ಬೇಕಾದ ಶಕ್ತಿ ಮಾಡಿಕೊಡುವುದು ಇವುಗಳ ಕೆಲಸ. ಜೀವಕೋಶದ ಡಿಎನ್‌ಎ ಬಹುಪಾಲು ಕೋಶಕೇಂದ್ರದಲ್ಲಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಮನೆಪತ್ರದ ಹಾಗೆ ಭದ್ರವಾಗಿರುತ್ತದೆ. ಈ ಒಲೆಗಳಲ್ಲಿ ಮಾತ್ರ ಬೇರೆಯೇ ಒಂದು ಚಿಕ್ಕ ಡಿಎನ್‌ಎ ಇದೆ. 1963ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಾರ್ಗಿಟ್ ನಾಸ್ ಮತ್ತು ಸಿಲ್ವನ್ ನಾಸ್ ದಂಪತಿ ಕೋಳಿಯ ಭ್ರೂಣವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಅದರ ಎಳೆಗಳು ಕಂಡವು. 1981ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಮನುಷ್ಯನ ಈ ಡಿಎನ್‌ಎಯನ್ನು ಪೂರ್ತಿ ಓದಿ ಮುಗಿಸಿದರು. ಒಟ್ಟು 16,569 ಅಕ್ಷರ, 37 ಜೀನು. ಅಷ್ಟೇ.

ಇದನ್ನು ಅಡುಗೆಯ ಕೈಬರಹದ ಪುಸ್ತಕ ಅಂದುಕೊಳ್ಳಿ. ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತು: ಪುಸ್ತಕ ತಾಯಿಯಿಂದ ಮಗಳಿಗೆ ಬರುತ್ತದೆ. ಮೈಟೊಕಾಂಡ್ರಿಯದ ಡಿಎನ್‌ಎ ಕೂಡ ಹಾಗೆಯೇ, ತಾಯಿಯ ಅಂಡಾಣುವಿನಿಂದಲೇ ಮಕ್ಕಳಿಗೆ ಬರುತ್ತದೆ. ಅಪ್ಪನದು ಬರುವುದಿಲ್ಲ. ಗಂಡುಮಕ್ಕಳಿಗೂ ಒಂದು ಪ್ರತಿ ಸಿಗುತ್ತದೆ, ಆದರೆ ಅವರು ಅದನ್ನು ಮುಂದೆ ದಾಟಿಸುವುದಿಲ್ಲ. ಹಾಗಾಗಿ ಈ ಹುಡುಗನ ಹತ್ತಿರ ಇರುವುದು ಅಮ್ಮಮ್ಮನ ಪುಸ್ತಕ. ಅಪ್ಪನ ಅಮ್ಮನದು ಅಲ್ಲ.

ತೊಂದರೆ ಏನೆಂದರೆ, ಈ ಪುಸ್ತಕ ಇರುವುದು ಒಲೆಯ ಪಕ್ಕದಲ್ಲೇ. ಕಿಡಿ ಹಾರುತ್ತದೆ. ಜೊತೆಗೆ ಜೀವಮಾನವಿಡೀ ಅದನ್ನು ಮತ್ತೆ ಮತ್ತೆ ನಕಲು ಮಾಡುತ್ತಲೇ ಇರಬೇಕು. ನಕಲು ಮಾಡುವಾಗ ‘ಹಾಲು ಹಾಕಿ’ ಅನ್ನುವುದು ‘ಹಲ್ಲು ಹಾಕಿ’ ಆಯಿತೆನ್ನಿ, ಪಾಯಸದ ಗತಿ ಏನು? ಕೆಲವೊಮ್ಮೆ ಒಂದು ಅಕ್ಷರವಲ್ಲ, ಹಾಳೆಗಳೇ ಹರಿದುಹೋಗುತ್ತವೆ. ಒಂದು ಎಳೆಯಲ್ಲಿ ಸಾವಿರಾರು ಪ್ರತಿಗಳಿರುವುದರಿಂದ ನಾಲ್ಕು ಕೆಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ 100ರಲ್ಲಿ 60ಕ್ಕಿಂತ ಹೆಚ್ಚು ಹರಿದವೇ ಆದರೆ ಒಲೆ ನಂದತೊಡಗುತ್ತದೆ.

ಹರಿದ ಪುಸ್ತಕದಿಂದಲೇ ಕಾಯಿಲೆ ಬರಬಹುದು ಎಂದು ತಿಳಿದದ್ದು 1988ರಲ್ಲಿ. ಲಂಡನ್ನಿನಲ್ಲಿ ಇಯಾನ್ ಹೋಲ್ಟ್, ಅನಿತಾ ಹಾರ್ಡಿಂಗ್, ಜಾನ್ ಮಾರ್ಗನ್-ಹ್ಯೂಸ್ ಎಂಬ ಮೂವರು ಸ್ನಾಯು ದುರ್ಬಲವಾದ 25 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 9 ಮಂದಿಯ ಸ್ನಾಯುವಿನಲ್ಲಿ ಎರಡು ಬಗೆಯ ಪ್ರತಿಗಳಿದ್ದವು: ಒಂದು ಸರಿಯಾದದ್ದು, ಇನ್ನೊಂದು ಹಾಳೆ ಹರಿದದ್ದು. ಇಂಥ ಕಾಯಿಲೆಯಲ್ಲಿ ಕಣ್ಣಿನ ರೆಪ್ಪೆ ಜೋತುಬೀಳಬಹುದು, ಸ್ವಲ್ಪ ನಡೆದರೂ ಕಾಲು ಸೋಲಬಹುದು. ಸ್ನಾಯುವಿನ ಚೂರು ತೆಗೆದು ಬಣ್ಣ ಹಾಕಿ ನೋಡಿದರೆ ಕೆಲವು ಎಳೆಗಳ ಅಂಚು ಕೆಂಪಗೆ, ಹಳೇ ಸೀರೆಯ ಸೆರಗಿನಂತೆ ಪಿಂಜಿಕೊಂಡು ಕಾಣುತ್ತದೆ. ಶಕ್ತಿ ಸಾಲದೆ ಆ ಎಳೆ ಒಲೆಯ ಮೇಲೆ ಒಲೆ ಹೂಡಿದ್ದರ ಗುರುತು ಅದು. ಪಾಪ, ಪುಸ್ತಕವೇ ಹರಿದಿರುವಾಗ ಒಲೆ ಹೆಚ್ಚಿಸಿ ಏನು ಪ್ರಯೋಜನ! ಇಂಥ ಪರೀಕ್ಷೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಡೆಯುತ್ತದೆ.

ಆಮೇಲೆ ತಿಳಿದ ಸಂಗತಿ ಇನ್ನೂ ಸೋಜಿಗದ್ದು. ಈ ರೋಗಿಗಳಲ್ಲಿ ಅನೇಕರಿಗೆ ಹರಿದುಹೋಗಿದ್ದ ತುಂಡು ಒಂದೇ, 4,977 ಅಕ್ಷರಗಳದ್ದು. ಅದೇ ತುಂಡು ಕಾಯಿಲೆಯಿಲ್ಲದ ವಯಸ್ಸಾದವರ ಸ್ನಾಯು, ಹೃದಯ, ಮಿದುಳುಗಳಲ್ಲೂ ಚೂರುಪಾರು ಕಾಣೆಯಾಗಿರುತ್ತದೆ. ಮುಪ್ಪಿನಲ್ಲಿ ಸ್ನಾಯು ಪೂರ್ತಿ ಕೆಡುವುದಿಲ್ಲ. ಸೋಗೆಯ ಚಪ್ಪರದಲ್ಲಿ ಅಲ್ಲೊಂದು ಇಲ್ಲೊಂದು ಸೋಗೆ ಕುಂಬಾದಂತೆ, ನಡುನಡುವೆ ಒಂದೊಂದು ಎಳೆಯ ಒಲೆ ನಂದಿರುತ್ತದೆ.

ಹಾಗಾದರೆ ಮುಪ್ಪಿಗೆ ಇದೇ ಕಾರಣವೇ? 2004ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಈ ಡಿಎನ್‌ಎಯ ನಕಲು ತಿದ್ದುವ ಶಕ್ತಿಯೇ ಇಲ್ಲದ ಇಲಿಗಳನ್ನು ಬೆಳೆಸಿದರು. ಸುಮಾರು ಆರು ತಿಂಗಳಿಗೇ ಅವುಗಳ ಕೂದಲು ನರೆಯಿತು, ಉದುರಿತು, ಬೆನ್ನು ಬಾಗಿತು. ಹೆಚ್ಚಿನವು ಒಂದು ವರ್ಷದ ಆಸುಪಾಸಿನಲ್ಲಿ ಸತ್ತವು. ಹಾಗೆಂದು ಎಲ್ಲ ತಪ್ಪನ್ನೂ ಒಲೆಯ ಮೇಲೆ ಹಾಕುವಂತಿಲ್ಲ. ಆ ಇಲಿಗಳಲ್ಲಿದ್ದಷ್ಟು ತಪ್ಪುಗಳು ಯಾವ ಅಜ್ಜಿಯಲ್ಲೂ ಇರುವುದಿಲ್ಲ, ಅಲ್ಲದೆ ವಯಸ್ಸಿಗೆ ನರ, ಊಟ, ಓಡಾಟ ಎಲ್ಲವೂ ಕಡಿಮೆಯಾಗುತ್ತದೆ. ವಿಜ್ಞಾನಿಗಳಲ್ಲೇ ಇದರ ಬಗ್ಗೆ ವಾದ ಮುಗಿದಿಲ್ಲ.

ನನಗೆ ಇಷ್ಟವಾದ ಪ್ರಯೋಗ ಅದರ ನಂತರದ್ದು. 2011ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇಂಥವೇ ಇಲಿಗಳಲ್ಲಿ ಕೆಲವನ್ನು ಓಡುಪಟ್ಟಿಯ ಮೇಲೆ ಓಡಿಸಿದರು. ವಾರಕ್ಕೆ ಮೂರು ಸಲ, ಒಂದು ಸಲಕ್ಕೆ 45 ನಿಮಿಷ, ಐದು ತಿಂಗಳು. ಸುಮ್ಮನೆ ಕೂತ ಇಲಿಗಳು ಬೋಳಾಗಿ ಮುದುಡಿದ್ದವು. ಓಡಿದವು ಮಾಮೂಲಿ ಇಲಿಗಳಂತೆಯೇ ಮೈತುಂಬ ಕೂದಲಿಟ್ಟುಕೊಂಡು ಇದ್ದವು! ಇಲಿಗೆ ಆದದ್ದು ಮನುಷ್ಯರಿಗೂ ಹಾಗೇ ಆಗುತ್ತದೆ ಎನ್ನಲಾಗದು, ನಿಜ. ಆದರೂ ‘ಒಲೆ ಹೊತ್ತಿಸುವ’ ಪುಡಿ ಮಾರುವವರ ಮಾತಿಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ. ಅಜ್ಜ ಅಜ್ಜಿಯರೇ, ಒಂದು ಮಾತು: ರೆಪ್ಪೆ ಜೋತುಬಿದ್ದರೆ ಅಥವಾ ಕಾಲಿನ ಬಲ ಇದ್ದಕ್ಕಿದ್ದಂತೆ ಹೋದರೆ ಅದನ್ನು ವಯಸ್ಸು ಎಂದುಕೊಂಡು ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ.

ಈಗ ನಿನ್ನ ಪ್ರಶ್ನೆ, ಮರಿ. ಕೆಲವು ಮನೆತನಗಳಲ್ಲಿ ತಾಯಿಯ ಅಂಡಾಣುವಿನಲ್ಲೇ ತಪ್ಪಿದ್ದು, ಅದು ಮಕ್ಕಳಿಗೆ ಬರುವುದುಂಟು. ಅದು ಬೇರೆ ಮಾತು. ಅದಕ್ಕೆ ಯಾವ ತಾಯಿಯನ್ನೂ ದೂರುವ ಹಾಗಿಲ್ಲ. ನಿಮ್ಮ ಅಮ್ಮಮ್ಮನ ಕಾಲಿನಲ್ಲಿ ಹರಿದಿರುವ ಪ್ರತಿಗಳು ಅವರ ಕಾಲಿನಲ್ಲೇ, ಇಷ್ಟು ವರ್ಷ ನಡೆದ ಮೇಲೆ ಹರಿದವು. ನಿಮ್ಮ ಅಮ್ಮನನ್ನು ಅವರು ಹೆತ್ತದ್ದು ಅದಕ್ಕೆ ಎಷ್ಟೋ ಮೊದಲು, ಅದೂ ಬೇರೆಯೇ ಪ್ರತಿಯಿಂದ. ಅವರ ಕಾಲಿನ ಸವೆತ ನಿನಗೆ ಬಂದಿಲ್ಲ. ಇದನ್ನು ಅಕ್ಕನಿಗೂ ಓದಿ ಹೇಳು.

ಅಮ್ಮಮ್ಮ ದಿನಾ ಮಹಡಿ ಯಾಕೆ ಹತ್ತುತ್ತಾರೆ ಅಂತ ನೀನು ಬರೆದಿಲ್ಲ. ಹಪ್ಪಳ ಒಣಗಿಸಲಿಕ್ಕಾದರೆ, ಬುಟ್ಟಿ ನೀನು ಹಿಡಿದುಕೊ. ಮೆಟ್ಟಿಲನ್ನು ಅವರೇ ಹತ್ತಲಿ, ನಡುವೆ ಕೂತರೆ ನೀನೂ ಪಕ್ಕದಲ್ಲಿ ಕೂರು.